ಅಧಿಕ ಆದಾಯದವರ ಮಕ್ಕಳ ಭತ್ಯೆ ತೆರಿಗೆ (ಯುನೈಟೆಡ್ ಕಿಂಗ್‌ಡಮ್)

ಯುನೈಟೆಡ್ ಕಿಂಗ್‌ಡಮ್‌ನಲ್ಲಿ ಮಕ್ಕಳ ಪಾಲನೆಗಾಗಿ ಸರ್ಕಾರವು ನೀಡುವ ಭತ್ಯೆಯನ್ನು ಹೆಚ್ಚು ಆದಾಯವುಳ್ಳ ಕುಟುಂಬಗಳಿಂದ ಭಾಗಶಃ ಅಥವಾ ಪೂರ್ಣವಾಗಿ ಹಿಂಪಡೆಯುವ ತೆರಿಗೆಯೇ ಅಧಿಕ ಆದಾಯದವರ ಮಕ್ಕಳ ಭತ್ಯೆ ತೆರಿಗೆ. ಅದುವರೆಗೆ ಆದಾಯವನ್ನು ಪರಿಗಣಿಸದೆ ನೀಡಲಾಗುತ್ತಿದ್ದ ಭತ್ಯೆಗೆ, ಜಾರ್ಜ್ ಆಸ್ಬೋರ್ನ್ ಹಣಕಾಸು ಸಚಿವರಾಗಿದ್ದಾಗ, 2013ರ ಜನವರಿ 7ರಿಂದ ಈ ತೆರಿಗೆಯು ಅನ್ವಯವಾಯಿತು.

ಲೆಕ್ಕಾಚಾರ

ಆರಂಭದಲ್ಲಿ ವಾರ್ಷಿಕ ಆದಾಯವು 50,000 ಪೌಂಡ್ ಮೀರಿದರೆ, ಹೆಚ್ಚುವರಿಯ ಪ್ರತಿ 100 ಪೌಂಡಿಗೆ ಭತ್ಯೆಯ ಶೇ. 1ರಷ್ಟನ್ನು ತೆರಿಗೆಯಾಗಿ ಕಟ್ಟಬೇಕಿತ್ತು; 60,000 ಪೌಂಡಿಗೆ ಇಡೀ ಭತ್ಯೆಯೇ ಕರಗುತ್ತಿತ್ತು. 2024ರ ಏಪ್ರಿಲ್ 6ರಿಂದ ಕೆಳಮಿತಿಯು 60,000, ಮೇಲ್ಮಿತಿಯು 80,000 ಪೌಂಡ್ ಆಗಿದ್ದು, ಪ್ರತಿ 200 ಪೌಂಡಿಗೆ ಶೇ. 1ರಷ್ಟು ತೆರಿಗೆಯಿದೆ. ಅಂದರೆ 70,000 ಪೌಂಡ್ ಆದಾಯವುಳ್ಳವರು ಭತ್ಯೆಯ ಅರ್ಧಭಾಗವನ್ನು ಹಿಂದಿರುಗಿಸುತ್ತಾರೆ. ಖಾಸಗಿ ಪಿಂಚಣಿ ನಿಧಿಗೆ ಕಟ್ಟಿದ ವಂತಿಗೆಯನ್ನು ಈ ಆದಾಯದಿಂದ ಕಳೆಯಲು ಅವಕಾಶವಿದೆ.

ಕುಟುಂಬಗಳ ಮೇಲಿನ ಪರಿಣಾಮ

ದಂಪತಿಗಳ ಒಟ್ಟು ಆದಾಯವನ್ನಲ್ಲ, ಹೆಚ್ಚು ಗಳಿಸುವ ಒಬ್ಬರ ಆದಾಯವನ್ನಷ್ಟೇ ಪರಿಗಣಿಸುವುದು ಟೀಕೆಗೆ ಗುರಿಯಾಗಿದೆ. ತಲಾ 60,000 ಪೌಂಡ್ ಗಳಿಸುವ ದಂಪತಿಗಳಿಗೆ ಪೂರ್ಣ ಭತ್ಯೆ ಉಳಿಯುತ್ತದೆ. ಒಬ್ಬರೇ 80,000 ಪೌಂಡ್ ದುಡಿದು ನಡೆಸುವ ಸಂಸಾರಕ್ಕೆ ಏನೂ ಉಳಿಯುವುದಿಲ್ಲ. ಒಟ್ಟು ಆದಾಯವನ್ನೇ ಆಧಾರವಾಗಿಸುವ ಯೋಜನೆಯನ್ನು ಜೆರೆಮಿ ಹಂಟ್ 2024ರ ಮಾರ್ಚ್‌ನಲ್ಲಿ ಪ್ರಕಟಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹೊಸ ಸರ್ಕಾರವು ಅದನ್ನು ಕೈಬಿಟ್ಟಿತು.

ಪಿಂಚಣಿಯ ಹಕ್ಕು

ಹಣ ಕೈಗೆ ಬಾರದಿದ್ದರೂ ಭತ್ಯೆಗೆ ಅರ್ಜಿ ಸಲ್ಲಿಸುವುದು ಮುಖ್ಯ. ಮಗುವಿಗೆ 12 ವರ್ಷ ತುಂಬುವವರೆಗೆ, ಉದ್ಯೋಗವಿಲ್ಲದೆ ಮಗುವನ್ನು ನೋಡಿಕೊಳ್ಳುವ ಪಾಲಕರ ಹೆಸರಿಗೆ ಈ ಅರ್ಜಿಯ ಮೂಲಕ ರಾಷ್ಟ್ರೀಯ ವಿಮೆಯ ವರ್ಷಗಳು ಜಮೆಯಾಗುತ್ತವೆ. ಭತ್ಯೆಯ ಪಾವತಿ ಬೇಡವೆಂದು ಸೂಚಿಸಿ ಅರ್ಜಿಯನ್ನು ಮಾತ್ರ ಸಲ್ಲಿಸಿದರೆ, ತೆರಿಗೆಯ ಹೊರೆಯಿಲ್ಲದೆ ವೃದ್ಧಾಪ್ಯದ ಸರ್ಕಾರಿ ಪಿಂಚಣಿಗೆ ಬೇಕಾದ ಈ ವರ್ಷಗಳು ಉಳಿಯುತ್ತವೆ.