ಸಾಸಿವೆ ಡಬ್ಬಿಯ ವಿದ್ಯೆ

ನಮ್ಮ ಊರುಗಳ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಗೆ ಎರಡು ಉದ್ಯೋಗಗಳುಂಟು. ಒಂದು, ಒಗ್ಗರಣೆಗೆ ಸಾಸಿವೆ ಒದಗಿಸುವುದು. ಇನ್ನೊಂದು, ತಾಯಂದಿರು ಮನೆಯ ಯಜಮಾನನ ಕಣ್ಣು ತಪ್ಪಿಸಿ ಉಳಿಸಿದ ನಾಲ್ಕು ಕಾಸನ್ನು ಕಾಯುವುದು. ಆ ಡಬ್ಬಿಗೆ ಬೀಗವಿಲ್ಲ. ಅದನ್ನು ಅಟ್ಟದ ಮೇಲೆ ಏರಿಸಿಟ್ಟಿರುವುದೂ ಇಲ್ಲ. ಒಲೆಯ ಪಕ್ಕದಲ್ಲಿ, ಮೆಂತೆಯ ಡಬ್ಬಿಗೂ ಜೀರಿಗೆಯ ಡಬ್ಬಿಗೂ ನಡುವೆ, ಎಲ್ಲರ ಎದುರಿಗೇ ಕುಳಿತಿರುತ್ತದೆ. ಇರಬೇಕಾದಲ್ಲಿ ಇರಬೇಕಾದಂತೆ ಇರುವುದೇ ಅದರ ರಕ್ಷೆ. ಈ ವಿದ್ಯೆಯನ್ನೇ ಬಂಡವಾಳ ಮಾಡಿಕೊಂಡ ಆಟವೊಂದು ಇಂದು ಲೋಕದಲ್ಲೆಲ್ಲ ಹಬ್ಬಿದೆಯೆಂಬುದು ನಮಗೂ ಕಳೆದ ವರ್ಷದವರೆಗೆ ತಿಳಿದಿರಲಿಲ್ಲ.

ಮಳೆಗಾಲಕ್ಕೆ ಮುಂಚಿನ ಮಾತು. ವಾಶಿಯ ಕಛೇರಿಯೊಂದರಲ್ಲಿ ಗುಮಾಸ್ತನಾಗಿದ್ದು ಡೊಂಬಿವಲಿಯಲ್ಲಿ ಬಿಡಾರ ಮಾಡಿಕೊಂಡಿರುವ ನಮ್ಮ ಕಡೆಯ ತರುಣನೊಬ್ಬನು ಕಾರ್ಯಾಲಯಕ್ಕೆ ಬಂದು, ತುಕ್ಕು ಹಿಡಿದ ದಪ್ಪ ಬೋಲ್ಟೊಂದನ್ನು ಮೇಜಿನ ಮೇಲೆ ಇಟ್ಟನು.

"ಇದೇನು ತಮ್ಮಾ, ಗುಜರಿ ವ್ಯಾಪಾರಕ್ಕೆ ಇಳಿದೆಯಾ?" ಎಂದೆವು.

"ಬಿಚ್ಚಿ ನೋಡಿ ಅಣ್ಣಾ" ಎಂದನು.

ತಲೆಯನ್ನು ಹಿಡಿದು ತಿರುಗಿಸಿದರೆ ಬೋಲ್ಟು ಎರಡು ತುಂಡಾಯಿತು. ಒಳಗೆ ಬೀಡಿಯಷ್ಟು ಸಪೂರವಾದ ಕಾಗದದ ಸುರುಳಿ. ತುಕ್ಕೆಂದು ನಾವು ತಿಳಿದದ್ದು ಬಣ್ಣವಾಗಿತ್ತು. ಬುಡದಲ್ಲಿ ಅಯಸ್ಕಾಂತದ ಬಿಲ್ಲೆಯೊಂದಿದ್ದು, ನಮ್ಮ ಕಬ್ಬಿಣದ ಕಪಾಟಿಗೆ ತಾಗಿಸಿದೊಡನೆ ಹುಟ್ಟಿದಾಗಿನಿಂದ ಅಲ್ಲಿಯೇ ಇದ್ದಂತೆ ಅಂಟಿಕೊಂಡಿತು.

ಆಟದ ಹೆಸರು ಜಿಯೋಕ್ಯಾಶಿಂಗ್. ಒಬ್ಬನು ಪೆಟ್ಟಿಗೆಯೊಂದನ್ನು ಅಡಗಿಸಿಟ್ಟು ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾನೆ. ಬೇರೆಯವರು ಮೊಬೈಲನ್ನು ಹಿಡಿದು ಅಲ್ಲಿಗೆ ಹೋಗಿ, ಪೆಟ್ಟಿಗೆಯನ್ನು ಹುಡುಕಿ, ಒಳಗಿನ ಕಾಗದದಲ್ಲಿ ಹೆಸರು ಬರೆದು, ಇದ್ದಂತೆಯೇ ಇಟ್ಟು ಬರಬೇಕು. ಒಳಗಿನ ಆಟಿಕೆಯನ್ನೋ ಬಿಲ್ಲೆಯನ್ನೋ ತೆಗೆದುಕೊಂಡವನು ಅಷ್ಟೇ ಬೆಲೆಯ ಬೇರೊಂದನ್ನು ಇಡಬೇಕು. ಅಮೆರಿಕ ಸರಕಾರವು ತನ್ನ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂದೇ ಮಸಕು ಮಾಡಿ ಕೊಡುತ್ತಿದ್ದ ಕಾಲವೊಂದಿತ್ತು. ಆಗ ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ಆ ಮಸಕನ್ನು 2000ನೆಯ ಇಸವಿಯ ಮೇ 2ರಂದು ತೆಗೆದುಹಾಕಿದರು. ಮರುದಿನವೇ ಆರೆಗನ್ ಸಂಸ್ಥಾನದ ಬೀವರ್‌ಕ್ರೀಕ್ ಎಂಬಲ್ಲಿ ಡೇವ್ ಅಲ್ಮರ್ ಎಂಬಾತನು ಕರಿಯ ಪ್ಲಾಸ್ಟಿಕ್ ಬಕೆಟ್ಟೊಂದರಲ್ಲಿ ಪುಸ್ತಕ, ಕವಣೆ, ಕಾಳಿನ ಡಬ್ಬಿ ಮುಂತಾದವನ್ನು ಹಾಕಿ, ನೆಲದಲ್ಲಿ ಅರ್ಧ ಹುಗಿದಿಟ್ಟು, ಹುಡುಕಿರೆಂದು ಸಾರಿದನು. ಅದರಿಂದ ಹುಟ್ಟಿದ ಸಂತತಿ ಈಗ ಮೂವತ್ತು ಲಕ್ಷವನ್ನು ದಾಟಿದೆ. 2008ರಲ್ಲಿ ರಿಚರ್ಡ್ ಗ್ಯಾರಿಯಟ್ ಎಂಬಾತನು ಅಂತರಿಕ್ಷ ನಿಲ್ದಾಣಕ್ಕೆ ಹೋದಾಗ ಅಲ್ಲಿಯೂ ಒಂದನ್ನು ಇಟ್ಟು ಬಂದನಂತೆ. ನಮ್ಮ ದೇಶದಲ್ಲಿ ಮಾತ್ರ ಇವು ಬಹಳ ವಿರಳ.

ಯಂತ್ರವು ನಮ್ಮನ್ನು ಬಯಲಿನಲ್ಲಾದರೆ ಐದಾರು ಮೀಟರಿನ ಸಮೀಪಕ್ಕೆ ತಂದು ಬಿಡುತ್ತದೆ. ಎತ್ತರದ ಕಟ್ಟಡಗಳ ನಡುವೆ ಅಷ್ಟು ನೆಚ್ಚಿಗೆಯೂ ಇಲ್ಲ. ಅಲ್ಲಿಂದ ಮುಂದೆ ಕಣ್ಣಿನ ಕೆಲಸ. ಆ ಐದಾರು ಮೀಟರಿನಲ್ಲಿಯೇ ಪೆಟ್ಟಿಗೆ ಮಾಡುವವನ ಜಾಣತನವೆಲ್ಲ ಅಡಗಿದೆ.

ಈ ಬೋಲ್ಟಿಗೆ ಹಿರಿಯರೂ ಇದ್ದಾರೆ. 1953ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ, ಮನೆಮನೆಗೆ ಪತ್ರಿಕೆ ಹಾಕುವ ಹುಡುಗನೊಬ್ಬನು ವಸೂಲಿಗೆ ಹೋಗಿದ್ದಾಗ ಅವನ ಕೈಯಿಂದ ಬಿದ್ದ ಬಿಡಿ ನಾಣ್ಯವೊಂದು ಇಬ್ಭಾಗವಾಗಿ, ಒಳಗಿನಿಂದ ಅಂಕಿಗಳಿದ್ದ ಸೂಕ್ಷ್ಮ ಛಾಯಾಚಿತ್ರ ಹೊರಬಿತ್ತು. ಆ ಗೂಢಚಾರರ ಜಾಲವು 1957ರಲ್ಲಿ ಬಯಲಾದಾಗ, ಅಲ್ಲಿನ ಉದ್ಯಾನದ ಮೆಟ್ಟಿಲ ಬಿರುಕಿನಲ್ಲಿ ಇಂಥದೇ ಟೊಳ್ಳು ಬೋಲ್ಟೊಂದು ಸಿಕ್ಕಿತು. ಪತ್ರಿಕೆಯ ಹುಡುಗರನ್ನು ಹಗುರಾಗಿ ಎಣಿಸಬಾರದೆಂದು ನಾವು ಅಂದಿನಿಂದ ತಿಳಿದಿದ್ದೇವೆ.

ಅದಿರಲಿ. ತರುಣನಿಗೆ ಈ ಆಟದ ಗೀಳು ಹಿಡಿದ ಬಗೆಯನ್ನು ಅವನ ಬಾಯಿಂದಲೇ ಕೇಳಿದೆವು. "ಮೂರು ವರ್ಷವಾಯಿತು ಅಣ್ಣಾ. ಖೋಲಿ, ಸ್ಟೇಶನು, ಥಾಣೆಯಲ್ಲಿ ಗಾಡಿ ಬದಲು, ಆಫೀಸು. ಇದರ ಹೊರಗೆ ಒಂದು ರಸ್ತೆಯೂ ನನಗೆ ಗೊತ್ತಿರಲಿಲ್ಲ. ಮುಂಬಯಿಯಲ್ಲಿ ಒಂದು ಪೆಟ್ಟಿಗೆ ಇದೆಯೆಂದು ಭಾನುವಾರ ಹುಡುಕುತ್ತ ಹೋದೆ. ಪೆಟ್ಟಿಗೆ ಸಿಗಲಿಲ್ಲ. ಆದರೆ ಸಂಜೆಯವರೆಗೆ ತಿರುಗಿದೆ." ಈ ಮಾತು ನಮ್ಮನ್ನು ತಟ್ಟಿತು. ಇಪ್ಪತ್ತು ವರ್ಷ ಹೋಟೆಲಿನಲ್ಲಿ ಕಳೆದ ನಮಗೂ ಡೊಂಬಿವಲಿಯೆಂದರೆ ಗಲ್ಲೆಯ ಮೇಲಿನಿಂದ ಕಾಣುವಷ್ಟೇ ಡೊಂಬಿವಲಿಯಾಗಿತ್ತು.

ಆದರೆ ಬೋಲ್ಟನ್ನು ಎಲ್ಲಿ ಇಡುವೆಯೆಂದು ಕೇಳಿದಾಗ ಅವನು ಕೊಟ್ಟ ಉತ್ತರಕ್ಕೆ ನಮ್ಮ ಕೈಯಲ್ಲಿದ್ದ ಚಹಾ ತುಳುಕಿತು. ಸ್ಟೇಶನಿನ ಸೇತುವೆಯ ಕಂಬಿಯಲ್ಲಿ! "ಅಲ್ಲಿ ಸಾವಿರ ಬೋಲ್ಟುಗಳಿವೆ ಅಣ್ಣಾ, ಯಾರಿಗೆ ಗೊತ್ತಾಗುತ್ತದೆ?"

ಆಗ ನಾವು ಅವನಿಗೆ ಹೇಳಿದ ಕಥೆಯನ್ನು ವಾಚಕರಿಗೂ ಹೇಳುತ್ತೇವೆ. 2006ರ ಜುಲೈ 11ರ ಸಂಜೆ ಪಶ್ಚಿಮ ರೈಲ್ವೆಯ ಏಳು ಕಡೆ ಲೋಕಲ್ ಗಾಡಿಗಳಲ್ಲಿ ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನರು ಸತ್ತರು. ಅದಾಗಿ ಒಂದು ವಾರವೂ ಕಳೆದಿರಲಿಲ್ಲ. ನಾವು ಆಗ ಡೊಂಬಿವಲಿಯ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕುಳಿತಿದ್ದೆವು. ಬೆಳಗಿನ ಹನ್ನೊಂದು ಗಂಟೆಗೆ ವೈಟರ್ ಹುಡುಗನು ಮೂಲೆಯ ಮೇಜಿನ ಕೆಳಗೆ ಬಟ್ಟೆ ಸುತ್ತಿದ ಟಿಫಿನ್ ಕ್ಯಾರಿಯರೊಂದನ್ನು ಕಂಡು ಕೂಗಿದನು. ದೋಸೆ ಮುರಿಯುತ್ತಿದ್ದವರು ತಟ್ಟೆಯನ್ನು ಅಲ್ಲಿಯೇ ಬಿಟ್ಟು ಬೀದಿಗೆ ಹಾರಿದರು. ಭಟ್ಟರು ಹಿತ್ತಿಲ ಬಾಗಿಲಿಂದ, ಮೋರಿಯ ಹುಡುಗರು ಅವರ ಹಿಂದೆ. ನಾವು ಗಲ್ಲೆಗೆ ಬೀಗವನ್ನೂ ಹಾಕದೆ ಓಡಿದೆವು, ಅದನ್ನು ಮುಚ್ಚಿಡುವುದೇಕೆ? ಪೊಲೀಸರು ನಾಯಿಯೊಡನೆ ಬಂದು ಎರಡು ತಾಸು ಬೀದಿಯನ್ನು ಮುಚ್ಚಿದರು. ಕೊನೆಗೆ ಬಿಚ್ಚಿ ನೋಡಿದರೆ ಪತ್ರೊಡೆ! ಆಷಾಢದ ಕೆಸುವಿನೆಲೆಯ ಪತ್ರೊಡೆಯನ್ನು ಕಲ್ಯಾಣದಲ್ಲಿರುವ ಮಗನಿಗೆಂದು ಒಯ್ಯುತ್ತಿದ್ದ ವೃದ್ಧೆಯೊಬ್ಬರು, ಕಾಫಿ ಕುಡಿದು ಮರೆತು ಹೋಗಿದ್ದರು. ಹುಡುಕುತ್ತ ಹಿಂತಿರುಗಿದ ಅವರನ್ನು ಸಂಜೆಯವರೆಗೆ ಕೂರಿಸಿ ವಿಚಾರಿಸಿದರು. ಅವರಿಗೆ ತುಳು ಕನ್ನಡಗಳಲ್ಲದೆ ಬೇರೆ ಬಾರದು. ನಾವು ಪಕ್ಕದಲ್ಲಿ ನಿಂತು ಮರಾಠಿಯಲ್ಲಿ ಹೇಳಿದೆವು. ಕ್ಯಾರಿಯರಿನ ಮುಚ್ಚಳದ ಮೇಲೆ ಅವರ ಹೆಸರನ್ನು ಕೊರೆಸಿತ್ತು. ಕನ್ನಡದಲ್ಲಿ ಕೊರೆಸಿತ್ತು, ಅದರ ಮೇಲೆ ಬಟ್ಟೆಯನ್ನೂ ಸುತ್ತಿತ್ತು. "ನನ್ನ ಹೆಸರು ಇದೆಯಲ್ಲ ಮಗಾ, ಇದೆಯಲ್ಲ" ಎಂದು ಆ ತಾಯಿ ಹೇಳುತ್ತಿದ್ದುದು ಈಗಲೂ ನಮ್ಮ ಕಿವಿಯಲ್ಲಿದೆ.

ತರುಣನು ಬೋಲ್ಟನ್ನು ಕಿಸೆಗೆ ಹಾಕಿಕೊಂಡು ಮಾತಿಲ್ಲದೆ ಹೋದನು.

ಇದು ನಮ್ಮ ದೇಶದ ಅಂಜಿಕೆ ಮಾತ್ರವೆಂದು ಯಾರೂ ತಿಳಿಯಬಾರದು. ಇಂಗ್ಲೆಂಡಿನ ಯಾರ್ಕ್‌ಶೈರಿನ ವೆದರ್ಬಿ ಎಂಬ ಪಟ್ಟಣದಲ್ಲಿ, 2011ರ ಜುಲೈ 1ರಂದು, ಕಾಫಿ ಅಂಗಡಿಯೊಂದರ ಹೊರಗೆ ಒಬ್ಬನು ಸಣ್ಣ ಪೆಟ್ಟಿಗೆಯನ್ನು ಇಡುತ್ತಿದ್ದುದನ್ನು ನೋಡಿದವರು ಪೊಲೀಸರಿಗೆ ತಿಳಿಸಿ, ಬೀದಿಯನ್ನು ತೆರವು ಮಾಡಿಸಿ, ಸೈನ್ಯದ ತಜ್ಞರು ಬಂದು ಅದನ್ನು ಸಿಡಿಸಿಬಿಟ್ಟರು. ಅದು ಈ ಆಟದ ಪೆಟ್ಟಿಗೆಯೇ ಆಗಿತ್ತು. ಅಲ್ಲಿ ಆಟವಾಡಿದವನು ವಿವರಣೆ ಕೊಟ್ಟು ಮನೆಗೆ ಹೋಗಬಹುದು. ಇಲ್ಲಿ ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿಸಿದ ಹೋಟೆಲಿನ ಹುಡುಗನು ಸೇತುವೆಯ ಕೆಳಗೆ ತಡಕಾಡುತ್ತಿದ್ದರೆ ಅವನ ಹರಕುಮುರುಕು ಹಿಂದಿಯನ್ನು ಯಾರು ನಿಂತು ಕೇಳುತ್ತಾರೆ?

ಒಂದು ತಿಂಗಳ ಮೇಲೆ ಅವನು ಪುನಃ ಬಂದನು. ಈ ಸಲ ಕೈಯಲ್ಲಿ ಒಂದು ತೆಂಗಿನ ಕರಟ. ಒಳಗೆ ಸಣ್ಣ ಡಬ್ಬಿ, ಮೇಲೆ ನಾರು. ನೋಡಲಿಕ್ಕೆ ಬಲು ಚೆಂದ. ಆದರೆ ಝಾಡುವಾಲಾ ಮೊದಲನೆಯ ದಿನವೇ ಅದನ್ನು ಗುಡಿಸಿ ಒಯ್ಯುವನು. ಅವನು ಬಿಟ್ಟರೆ ಇಲಿ ಬಿಡದು. ಇಲಿಯೂ ಬಿಟ್ಟರೆ ಮಳೆನೀರು ನಿಂತು ಸೊಳ್ಳೆಯ ಮರಿಗಳಾಗಿ ನಗರಸಭೆಯವರು ಬರುವರು. ಕರಟವನ್ನು ಚಟ್ನಿಯ ಸೌಟು ಮಾಡೆಂದು ಹಿಂದೆ ಕಳುಹಿಸಿದೆವು.

ಮೂರನೆಯದು ಕಲ್ಲು. ಬಿಗಿ ಮುಚ್ಚಳದ ಡಬ್ಬಿಯ ಸುತ್ತ ಸಪೂರ ತಂತಿಯ ಜಾಳಿಗೆ ಸುತ್ತಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಕಲಸಿ ಮೆತ್ತಿ, ಹಸಿಯಿರುವಾಗಲೇ ನಿಜವಾದ ಕಲ್ಲನ್ನು ಒತ್ತಿ ಅದರ ಒರಟುತನವನ್ನು ಮೂಡಿಸಿದ್ದನು. ಕೆಲಸ ಚೊಕ್ಕವಾಗಿತ್ತು. ಆದರೆ ಊರಿನ ನೆನಪಿನಲ್ಲಿ ಮಾಡಿದನೋ ಏನೋ, ಅದಕ್ಕೆ ಮುರಕಲ್ಲಿನ ಕೆಂಪು ಬಣ್ಣ ಬಳಿದಿದ್ದನು! ಕಲ್ಯಾಣ ಡೊಂಬಿವಲಿಗಳ ನೆಲದ್ದು ಕರಿಕಲ್ಲು. ಇಲ್ಲಿ ಕೆಂಪು ಕಲ್ಲೊಂದು ಬಿದ್ದಿದ್ದರೆ ಮಗುವೂ ಎತ್ತಿ ನೋಡೀತು. ನಾವು ನಕ್ಕೆವು, ಅವನೂ ನಕ್ಕನು. ಬಣ್ಣ ಕೆರೆದು, ಸಿಮೆಂಟಿಗೆ ಕಪ್ಪು ಪುಡಿ ಬೆರೆಸಿ, ಇನ್ನೊಂದನ್ನು ಮಾಡಿದನು. ಮಜ್ಜಿಗೆ ನೀರು ಬಳಿದರೆ ಹಾವಸೆ ಬೇಗ ಹತ್ತುವುದೆಂದು ಕೆಲವರು ಹೇಳುತ್ತಾರೆ. ನಮ್ಮ ಮಳೆಗೆ ಅದೂ ಬೇಕಾಗಲಿಲ್ಲ.

ಮಳೆಯ ಮಾತು ಬಂತು. ವರ್ಷಕ್ಕೆ ಸುಮಾರು ನೂರು ಇಂಚು ಸುರಿಯುವ ಈ ಸೀಮೆಯಲ್ಲಿ ಪೆಟ್ಟಿಗೆಯ ನಿಜವಾದ ವೈರಿ ಕಳ್ಳನಲ್ಲ, ತೇವ. ಹಿಂದೆ ಆಟಗಾರರು ಕ್ಯಾಮೆರಾ ರೀಲಿನ ಡಬ್ಬಿಗಳನ್ನು ಬಳಸುತ್ತಿದ್ದರಂತೆ. ಅವುಗಳೊಳಗೆ ನೀರು ಇಳಿಯುತ್ತದೆ. ಸೋಡಾ ಬಾಟಲಿಯನ್ನು ಊದುವುದಕ್ಕೆ ಮುಂಚಿನ ದಪ್ಪ ಪ್ಲಾಸ್ಟಿಕ್ ಕೊಳವೆ ಅದಕ್ಕಿಂತ ಎಷ್ಟೋ ಮೇಲು. ಬಾಟಲಿಯ ಬಿರಡೆಯೇ ಅದಕ್ಕೆ ಸರಿಹೊಂದುತ್ತದೆ. ನಾಲ್ಕು ಬದಿಯಲ್ಲಿ ಚಿಲಕವಿದ್ದು ಮುಚ್ಚಳದೊಳಗೆ ರಬ್ಬರಿನ ಉಂಗುರವಿರುವ ಡಬ್ಬಿಯೂ ಒಳ್ಳೆಯದು. ಹೋಟೆಲಿನವರಾದ ನಾವು ಉಪ್ಪಿನ ಕುಪ್ಪಿಯಲ್ಲಿ ನಾಲ್ಕು ಅಕ್ಕಿಕಾಳು ಹಾಕುವವರು. ಆ ಯುಕ್ತಿ ಇಲ್ಲಿ ಸಲ್ಲದು, ಅಕ್ಕಿಯ ವಾಸನೆಗೆ ಇರುವೆ, ಇರುವೆಯ ಹಿಂದೆ ಇಲಿ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾದ ಪೊಟ್ಟಣವನ್ನು ಇಡಬೇಕು. ಪೆನ್ನನ್ನು ಇಡಬಾರದು, ಶಾಯಿ ತೇವಕ್ಕೆ ಕಲಸಿಹೋಗುವುದು. ಪೆನ್ಸಿಲಿನ ಅಕ್ಷರ ನಿಲ್ಲುತ್ತದೆ. ತಿನ್ನುವ ವಸ್ತುವಂತೂ ಕೂಡದೇ ಕೂಡದು.

ಹೊರಗೆ ಎಷ್ಟು ಮರೆಮಾಚಿದರೂ ಕೈಗೆ ಸಿಕ್ಕ ಮೇಲೆ ಪೆಟ್ಟಿಗೆ ತನ್ನ ಗುಟ್ಟನ್ನೆಲ್ಲ ತಾನೇ ಹೇಳಬೇಕೆಂಬುದು ನಮ್ಮ ಹಟವಾಗಿತ್ತು. ಆದ್ದರಿಂದ ಕಲ್ಲಿನ ಅಡಿಯಲ್ಲಿಯೂ ಒಳಗಿನ ಡಬ್ಬಿಯ ಮೇಲೆಯೂ "ಇದು ಆಟದ ಪೆಟ್ಟಿಗೆ, ಅಪಾಯವಿಲ್ಲ" ಎಂದು ಮರಾಠಿ, ಹಿಂದಿ, ಇಂಗ್ಲಿಷುಗಳಲ್ಲಿ ಬರೆಸಿ, ಅವನ ಫೋನು ನಂಬರನ್ನೂ ಹಾಕಿಸಿದೆವು. ಡಬ್ಬಿ ಪಾರದರ್ಶಕವಾಗಿದ್ದರೆ ಇನ್ನೂ ಲೇಸು. ಕೊನೆಯ ಸಾಲನ್ನು ಕನ್ನಡದಲ್ಲಿ ಬರೆಯಲು ಅವನು ಕೇಳಿದನು, ಬರೆಯಲಿ ಎಂದೆವು.

ಇನ್ನು ಸ್ಥಳ. ಆಟದ ನಿಯಮದಂತೆ ನೆಲ ಯಾರದೋ ಅವರ ಒಪ್ಪಿಗೆ ಬೇಕು, ಅಗೆದು ಹುಗಿಯಬಾರದು, ಒಂದು ಪೆಟ್ಟಿಗೆಗೂ ಇನ್ನೊಂದಕ್ಕೂ 161 ಮೀಟರಿನ ಅಂತರವಿರಬೇಕು. ರೈಲು ಹಳಿ, ಶಾಲೆ, ಸೈನ್ಯದ ಜಾಗಗಳ ಸುದ್ದಿಗೆ ಹೋಗಬಾರದು. ನಮ್ಮ ತರುಣನು ಮೊದಲು ಥಾಣೆಯ ಯೇವೂರು ಗುಡ್ಡವೆಂದನು. ಅದು ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿ ಚಿರತೆಗಳಿವೆ, ಅವುಗಳಿಗೆ ಆಟದ ನಿಯಮ ತಿಳಿಯದು. ನವಿಮುಂಬಯಿಯ ಕೊಲ್ಲಿಯ ದಂಡೆಯೆಂದನು. ಅಲ್ಲಿನ ಕಾಂಡ್ಲಾ ಗಿಡಗಳಿಗೆ ನ್ಯಾಯಾಲಯದ ರಕ್ಷಣೆಯಿದೆ. ರಾಜಹಂಸಗಳು ಬರುವ ಕೆಸರಿನಲ್ಲಿ ಪೆಟ್ಟಿಗೆ ಹುಡುಕುವವರು ಇಳಿದರೆ ಹಕ್ಕಿಗಳು ಬೇರೆ ಊರು ನೋಡಿಕೊಂಡಾವು. ಕಲ್ಯಾಣದ ದುರ್ಗಾಡಿ ಕೋಟೆಯೆಂದು ಬಾಯಿ ತೆರೆಯುವ ಮೊದಲೇ ಬೇಡವೆಂದೆವು. ಹೋಟೆಲಿನೊಳಗೆ ಇಟ್ಟರೆ ಹೇಗೆ ಎಂಬ ಆಸೆ ನಮಗೇ ಹುಟ್ಟಿತ್ತು. ಬಂದವರು ಒಂದು ಕಾಫಿಯನ್ನಾದರೂ ಕುಡಿದಾರು. ಆಟದ ನಿಯಮವು ವ್ಯಾಪಾರಕ್ಕೆಳೆಯುವ ಪೆಟ್ಟಿಗೆಯನ್ನು ಒಪ್ಪುವುದಿಲ್ಲವೆಂದು ಅವನು ತೋರಿಸಿಕೊಟ್ಟನು. ನಮ್ಮೊಳಗಿನ ಹಳೆಯ ಧಣಿಗೆ ಸ್ವಲ್ಪ ಬೇಸರವಾಯಿತು.

ಪರದೇಶಗಳಲ್ಲಿ ವಾಚನಾಲಯದವರ ಒಪ್ಪಿಗೆ ಪಡೆದು, ಹಳೆಯ ಪುಸ್ತಕದ ನಡುವನ್ನು ಕೊರೆದು ಅದನ್ನೇ ಪೆಟ್ಟಿಗೆ ಮಾಡಿ ಶೆಲ್ಫಿನಲ್ಲಿ ನಿಲ್ಲಿಸುವುದುಂಟು. ಯಾರೂ ಮುಟ್ಟದ ಪುಸ್ತಕವೊಂದನ್ನು ಆರಿಸಿಕೊಡಿರೆಂದು ಕೇಳಿದರೆ ನಮ್ಮ ಸಂಘಗಳ ವಾಚನಾಲಯಗಳು ಕಪಾಟುಗಟ್ಟಲೆ ಕೊಟ್ಟಾವು! ಅದಕ್ಕೆ ಇನ್ನೂ ಯಾರೂ ಮುಂದೆ ಬಂದಿಲ್ಲ. ಬಂದರೆ ಕೊರೆಯಲು ನಮ್ಮ ಹತ್ತನೆಯ ತರಗತಿಯ ಗಣಿತವನ್ನು ಸಂತೋಷದಿಂದ ಕೊಡುತ್ತೇವೆ.

ಕಡೆಗೆ ಕರಿಕಲ್ಲು ನೆಲೆಗೊಂಡದ್ದು ಅವನ ಬಿಡಾರದ ಹಿಂದಿನ ಹೌಸಿಂಗ್ ಸೊಸೈಟಿಯ ಹೂದೋಟದ ಗೋಡೆಯ ಹೊರಬದಿಯಲ್ಲಿ. ಕಾರ್ಯದರ್ಶಿಗಳು ಲಿಖಿತ ಒಪ್ಪಿಗೆ ಕೊಟ್ಟರು. ರಾತ್ರಿಯ ಪಹರೆಯವನಿಗೆ ಪೆಟ್ಟಿಗೆಯನ್ನು ಬಿಚ್ಚಿ ತೋರಿಸಿ, ಒಳಗಿನ ಕಾಗದದಲ್ಲಿ ಮೊದಲನೆಯ ಹೆಸರನ್ನು ಅವನಿಂದಲೇ ಬರೆಸಿದ್ದು ತರುಣನ ಸ್ವಂತ ಬುದ್ಧಿ. ಮಳೆಗಾಲ ಮುಗಿದ ಮೇಲೆ ನಾವೂ ಹೋಗಿ ನೋಡಿದೆವು. ಇರುವ ಜಾಗ ತಿಳಿದಿದ್ದರೂ ಹಾವಸೆ ಹತ್ತಿದ ಹತ್ತು ಕಲ್ಲುಗಳಲ್ಲಿ ಯಾವುದೆಂದು ತೋರದೆ, ಮೂರು ನಿಜವಾದ ಕಲ್ಲುಗಳನ್ನು ಎತ್ತಿ ಇಟ್ಟೆವು. ಕಾಗದ ಒಣಗಿತ್ತು, ಒಂಬತ್ತು ಹೆಸರುಗಳಿದ್ದುವು. ಪಹರೆಯವನು ದೂರದಿಂದ ನಮ್ಮ ಪೇಚಾಟವನ್ನು ನೋಡುತ್ತ ನಿಂತಿದ್ದು, ಕೊನೆಗೆ ಬಂದು, ಪೆನ್ಸಿಲಿನ ಮೊನೆ ಮುರಿದಿದೆ, ಬೇರೆಯದನ್ನು ತಂದಿರಾ ಎಂದು ಕೇಳಿದನು.