ಅರ್ಧ ತೊಳೆದ ಹಾರಕ

ಶಿಡ್ಲಘಟ್ಟ ತಾಲ್ಲೂಕಿನ ಸಾದಲಿ ಹೋಬಳಿ ಹಿಪ್ಪುನೇರಳೆಯ ಸೀಮೆ. ಅಲ್ಲಿನ ಒಂದು ರೈತಕುಟುಂಬದ ಮಗನನ್ನು ಭಾವಿಸಿಕೊಳ್ಳೋಣ. ಬೆಂಗಳೂರಿನಲ್ಲಿ ಓದುತ್ತಿದ್ದವನು ಒಂದು ರಾತ್ರಿ ಗೆಳೆಯರ ಕೂಟದಲ್ಲಿ ಎಲ್‌ಎಸ್‌ಡಿ ಸವರಿದ ಕಾಗದದ ಚೂರನ್ನು ನಾಲಗೆಯ ಮೇಲಿಟ್ಟುಕೊಂಡ. ಮರುದಿನ ಅಮಲು ಇಳಿಯಿತು. ಕಂಡದ್ದು ಮಾತ್ರ ಇಳಿಯಲಿಲ್ಲ. ‘ನಾನು ಎಂಬುದೇ ಕರಗಿಹೋಯಿತು. ಅಪ್ಪ, ಅಮ್ಮ, ಊರು, ಓದು ಎಲ್ಲವೂ ಚಿತ್ರಪಟದಂತೆ ತೋರುತ್ತಿವೆ. ಯಾವುದಕ್ಕೂ ಅರ್ಥವಿಲ್ಲ’ ಎನ್ನುತ್ತ ಊರಿಗೆ ಮರಳಿದವನು ನಿದ್ರಾಹಾರಗಳನ್ನು ಬಿಟ್ಟು ಕುಳಿತಿದ್ದಾನೆ. ಹುಳು ಸೊಪ್ಪು ಬಿಟ್ಟರೆ ಏನು ಮಾಡಬೇಕೆಂಬುದನ್ನು ಬಲ್ಲ ತಾಯಿಗೆ ಮಗ ಅನ್ನ ಬಿಟ್ಟರೆ ಏನು ಮಾಡಬೇಕೆಂಬುದು ತಿಳಿಯದು.

ಜಿನಾಗಮವು ಎಂಟು ಕರ್ಮಗಳಿಗೆ ಎಂಟು ಉಪಮೆಗಳನ್ನು ಹೇಳುವಾಗ ಮೋಹನೀಯವನ್ನು ಮದ್ಯಕ್ಕೆ ಹೋಲಿಸುತ್ತದೆ. ಕನ್ನಡ ನಾಡಿನ ಆಚಾರ್ಯ ಪೂಜ್ಯಪಾದರು ಮತ್ತೂ ಹತ್ತಿರದ ಉಪಮೆಯೊಂದನ್ನು ಬಳಸಿದ್ದಾರೆ. ಅದು ಕೋದ್ರವ, ಅಂದರೆ ಹಾರಕ; ತೆಲುಗು ಬೆರೆತ ಈ ಗಡಿಸೀಮೆಯಲ್ಲಿ ಆರಿಕೆಲು. ಬೂಷ್ಟು ತಗುಲಿದ ಹಾರಕವು ತಿಂದವರಿಗೆ ಮಂಪರು, ನಡುಕಗಳನ್ನು ತರಬಲ್ಲುದು. 2024ರ ಅಕ್ಟೋಬರಿನಲ್ಲಿ ಮಧ್ಯಪ್ರದೇಶದ ಬಾಂಧವಗಢದಲ್ಲಿ ಹತ್ತು ಆನೆಗಳು ಸತ್ತಾಗ ಪರೀಕ್ಷೆಯಲ್ಲಿ ಕಂಡದ್ದೂ ಹಾರಕದ ಬೂಷ್ಟಿನ ವಿಷವೇ. ಆಶ್ಚರ್ಯವೆಂದರೆ, ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿ, 1943ರಲ್ಲಿ ಅದರ ಅಮಲನ್ನು ಅರಿತ ಎಲ್‌ಎಸ್‌ಡಿಯ ಮೂಲವೂ ರೈ ಎಂಬ ಧಾನ್ಯಕ್ಕೆ ತಗುಲುವ ಎರ್ಗಟ್ ಶಿಲೀಂಧ್ರ.

ತತ್ತ್ವಾರ್ಥಸೂತ್ರಕ್ಕೆ ಬರೆದ ‘ಸರ್ವಾರ್ಥಸಿದ್ಧಿ’ ಎಂಬ ವ್ಯಾಖ್ಯಾನದಲ್ಲಿ ಪೂಜ್ಯಪಾದರು ತೊಳೆದ ಕೋದ್ರವದ ಮಾತನ್ನೆತ್ತುತ್ತಾರೆ. ತೊಳೆದಾಗ ಅದರ ಮದಶಕ್ತಿ ಒಂದಿಷ್ಟು ಹೋಗಿ, ಒಂದಿಷ್ಟು ಉಳಿದಿರುತ್ತದೆ. ಸಮ್ಯಕ್ತ್ವವೂ ಮಿಥ್ಯಾತ್ವವೂ ಬೆರೆತ ಪರಿಣಾಮಕ್ಕೆ ಅವರು ಕೊಡುವ ದೃಷ್ಟಾಂತವಿದು. ಕರ್ಮಸಿದ್ಧಾಂತದಲ್ಲಿ ಅದರ ಲಕ್ಷಣ ಸೂಕ್ಷ್ಮವಾದದ್ದು. ಉಪಮೆಯನ್ನಷ್ಟೇ ಎರವಲು ಪಡೆದರೆ, ನಮ್ಮ ತರುಣನ ಕೈಯಲ್ಲಿರುವುದೂ ಅರ್ಧ ತೊಳೆದ ಹಾರಕ. ದೇಹ, ಹೆಸರು, ಸಂಬಂಧಗಳು ನಿತ್ಯವಲ್ಲ ಎಂಬುದು ಅದರಲ್ಲಿನ ಕಾಳು. ಆದ್ದರಿಂದ ಏನೂ ಇಲ್ಲ, ಯಾವುದೂ ಬೇಡ ಎಂಬುದು ಅದರಲ್ಲುಳಿದ ಮದ. ‘ನೀನು ಕಂಡದ್ದೆಲ್ಲ ಸುಳ್ಳು’ ಎಂದು ಗದರಿದರೆ ಕಾಳೂ ಚೆಲ್ಲಿಹೋಗುತ್ತದೆ; ‘ನಿನಗೆ ಜ್ಞಾನೋದಯವಾಯಿತು’ ಎಂದು ಹೊಗಳಿದರೆ ಮದವೇರುತ್ತದೆ. ಆಗಬೇಕಾದದ್ದು ತೊಳೆಯುವ ಕೆಲಸ.

ಮೊದಲ ನೀರು ಅನೇಕಾಂತ. ಉತ್ಪಾದ, ವ್ಯಯ, ಧ್ರೌವ್ಯ ಮೂರೂ ಕೂಡಿದ್ದೇ ಸತ್ತು. ಆ ರಾತ್ರಿ ಹುಡುಗನಿಗೆ ಕಂಡದ್ದು ವ್ಯಯದ ಮುಖ ಮಾತ್ರ. ‘ನಾನು ಕರಗಿದೆ’ ಎಂದು ಇಂದು ನೆನೆದು ಹೇಳುತ್ತಿರುವವರು ಯಾರು? ಕರಗಿದ್ದನ್ನು ಅರಿತ ಅರಿವು ಅಂದೂ ಇತ್ತು, ಇಂದೂ ಇದೆ. ಅಮಲು ಒಂದು ಪರ್ಯಾಯ, ಅದರ ಹಿಂದೆ ಬಂದ ಭಯವೂ ಒಂದು ಪರ್ಯಾಯ. ಪರ್ಯಾಯಗಳು ಬಂದು ಹೋಗುತ್ತವೆ. ಅರಿಯುವ ದ್ರವ್ಯ ಉಳಿಯುತ್ತದೆ.

ಎರಡನೆಯ ನೀರು ಅನುಪ್ರೇಕ್ಷೆ. ಹನ್ನೆರಡು ಭಾವನೆಗಳಲ್ಲಿ ಮೊದಲನೆಯವು ಅನಿತ್ಯ ಮತ್ತು ಅಶರಣ. ಎಲ್ಲವೂ ಅಳಿಯುತ್ತದೆ, ಕಾಯುವವರಿಲ್ಲ ಎಂಬ ಈ ಎರಡು ಮೆಟ್ಟಿಲುಗಳಲ್ಲೇ ನಿಂತರೆ ಯಾರಿಗಾದರೂ ಎದೆ ನಡುಗೀತು. ಪೂರ್ವಾಚಾರ್ಯರು ಅಲ್ಲಿ ನಿಲ್ಲಿಸಲಿಲ್ಲ. ಸಂವರ, ನಿರ್ಜರೆಗಳನ್ನು ದಾಟಿಸಿ, ಬೋಧಿ ದುರ್ಲಭವಾದುದು, ಮನುಷ್ಯಜನ್ಮ ಅಮೂಲ್ಯವಾದುದು ಎಂಬ ಧನ್ಯತೆಯವರೆಗೆ ನಡೆಸಿದರು. ವ್ರತದಿಂದ ಹದವಾದ ಸಾಧಕನು ವರ್ಷಗಟ್ಟಲೆ ಏರುವ ಮೆಟ್ಟಿಲಿನತ್ತ ರಾಸಾಯನಿಕವೊಂದು ಒಂದೇ ರಾತ್ರಿಯಲ್ಲಿ ನೂಕಿಬಿಟ್ಟಿದೆ. ಕಾಲಿಗೆ ಬಲವಿಲ್ಲದವನನ್ನು ಎತ್ತರಕ್ಕೆ ನೂಕಿದರೆ ತಲೆ ತಿರುಗುವುದು ಸಹಜ. ಚಾರಿತ್ರ್ಯವಿಲ್ಲದ ದರ್ಶನವನ್ನು ನಮ್ಮ ಮಾರ್ಗವು ಪೂರ್ಣವೆನ್ನದಿರುವುದಕ್ಕೂ, ಶ್ರಾವಕನ ಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ಇಟ್ಟಿರುವುದಕ್ಕೂ ಇಲ್ಲಿ ಅರ್ಥ ಸಿಗುತ್ತದೆ.

ಹಾಗೆಂದು ಬಳಲಿದವನನ್ನು ದೀರ್ಘಧ್ಯಾನಕ್ಕೆ ಕೂರಿಸುವುದು, ಉಪವಾಸ ಮಾಡಿಸುವುದು ಸಲ್ಲದು. ಹೊತ್ತು ಮುಳುಗುವ ಮುನ್ನ ಊಟ, ಹೊತ್ತಿಗೆ ನಿದ್ರೆ, ತೋಟದಲ್ಲಿ ನಡಿಗೆ, ಅಮಲನ್ನು ಮತ್ತೆ ಮುಟ್ಟದಿರುವ ಒಂದೇ ಒಂದು ವ್ರತ ಇಷ್ಟು ಸಾಕು. ನಲವತ್ತೆಂಟು ನಿಮಿಷಗಳ ಸಾಮಾಯಿಕವು ಮನಸ್ಸು ನೆಲೆಗೊಂಡ ಮೇಲಿನ ಮಾತು.

ಮನೆಯವರ ಧರ್ಮಕ್ಕೆ ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣವೆಂಬ ಹೆಸರಿದೆ: ಜಾರುತ್ತಿರುವವನನ್ನು ಹಿಡಿದು ನಿಲ್ಲಿಸುವುದು. ಇದಕ್ಕೆ ಉದಾಹರಣೆ ಮಗಧದ ಅರಸು ಶ್ರೇಣಿಕನ ಮಗ ವಾರಿಷೇಣ ಮುನಿ. ದೀಕ್ಷೆ ಪಡೆದಿದ್ದ ಗೆಳೆಯನ ಮನಸ್ಸು ಮನೆಯತ್ತ ಎಳೆಯುತ್ತಿದ್ದಾಗ ಅವನು ಹಳಿಯಲಿಲ್ಲ. ಜೊತೆಯಲ್ಲೇ ಅರಮನೆಗೆ ಕರೆದೊಯ್ದು, ತಾನು ತೊರೆದ ಸಿರಿಯನ್ನು ತೋರಿಸಿ, ಅವನೇ ತನ್ನನ್ನು ಅರಿಯುವಂತೆ ಮಾಡಿದ. ರೇಷ್ಮೆ ಸಾಕಣೆಯು ಜೀವದಯೆಗೆ ಒಡ್ಡುವ ಪ್ರಶ್ನೆ ಬೇರೆ ಇದೆ. ಆದರೂ ಆ ತಾಯಿಗೆ ಗೊತ್ತಿರುವ ಒಂದು ಮಾತು ಇಲ್ಲಿ ಸಲ್ಲುತ್ತದೆ. ಹುಳು ಜ್ವರಕ್ಕೆ ಕೂತು ಪೊರೆ ಕಳಚುವಾಗ ಅದನ್ನು ಕೆದಕುವುದಿಲ್ಲ, ಸೊಪ್ಪನ್ನು ಹೇರುವುದಿಲ್ಲ. ಆದರೆ ಬಿಟ್ಟುಹೋಗುವುದೂ ಇಲ್ಲ. ಗಾಳಿ, ಶಾಖ ನೋಡಿಕೊಳ್ಳುತ್ತ ಪಕ್ಕದಲ್ಲೇ ಇರುತ್ತಾರೆ.

ಪಕ್ಕದಲ್ಲಿರುವುದೆಂದರೆ ವೈದ್ಯರ ಬಳಿ ಕರೆದೊಯ್ಯುವುದೂ ಹೌದು. ನಿದ್ರೆ ಕೆಟ್ಟೇ ಇದ್ದರೆ, ಲೋಕ ಅವಾಸ್ತವವೆಂಬ ಭಾವ ಬಿಡದಿದ್ದರೆ, ಸಾವಿನ ಮಾತು ಬಂದರೆ ತಡಮಾಡಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ತಜ್ಞರಿದ್ದಾರೆ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಬಹುದು. ಔಷಧದಾನವೂ ನಮ್ಮಲ್ಲಿ ಚತುರ್ವಿಧ ದಾನಗಳಲ್ಲಿ ಒಂದಲ್ಲವೇ?

ಹಾರಕವನ್ನು ತೊಳೆಯಲು ಹೊತ್ತು ಬೇಕು, ನೀರು ಬೇಕು, ಕಾಳು ಚೆಲ್ಲದಂತೆ ಹಿಡಿಯುವ ಕೈ ಬೇಕು. ಆ ಕೈ ನಮ್ಮದಾಗಲಿ.