ಮಚ್ಚಿನ ಹಿಂದೆ ಅಳುವವರು ಯಾರು?

‘ಲಾಂಗು-ಮಚ್ಚಿನ ಸಿನಿಮಾ ನೋಡಿ ಹುಡುಗರು ಕೆಡುತ್ತಾರೆ’ ಎಂಬುದು ಹೆತ್ತವರ ದೂರು. ‘ನೋಡಿದವರೆಲ್ಲ ರೌಡಿಗಳಾಗುತ್ತಾರೆಯೇ?’ ಎಂಬುದು ಮಕ್ಕಳ ಮರುಪ್ರಶ್ನೆ. ಇಬ್ಬರ ಮಾತಿನಲ್ಲೂ ಸತ್ಯಾಂಶವಿದೆ. ಆದರೆ ಎಲ್ಲ ಅಪರಾಧ ಚಿತ್ರಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದರಿಂದ ಜಗಳ ಬಗೆಹರಿಯುವುದಿಲ್ಲ.

ಕನ್ನಡದಲ್ಲಿ ಈ ಮಾತು ಬಂದಾಗಲೆಲ್ಲ ಮೊದಲು ನೆನಪಾಗುವುದು 1995ರಲ್ಲಿ ತೆರೆಕಂಡ, ಉಪೇಂದ್ರ ನಿರ್ದೇಶನದ ‘ಓಂ’. ನಿಜಜೀವನದ ಕೆಲವು ರೌಡಿಗಳೇ ಅದರಲ್ಲಿ ಕಾಣಿಸಿಕೊಂಡರು. ಶಿವರಾಜ್‌ಕುಮಾರ್ ನಡಿಗೆ, ನೋಟಗಳಿಗೆ ಮಾರುಹೋದ ಅನೇಕರು, ಆತ ಭೂಗತ ಲೋಕಕ್ಕೆ ಜಾರಿದ ಅರ್ಚಕರ ಮಗ ಎಂಬುದನ್ನು ಮರೆತರು. ಅದು ಚಿತ್ರದ ದೋಷವೋ, ನೋಡಿದವರ ದೋಷವೋ?

2005ರಲ್ಲಿ ಪ್ರೇಮ್ ನಿರ್ದೇಶಿಸಿದ ‘ಜೋಗಿ’ಯಲ್ಲಿ ಈ ಪ್ರಶ್ನೆಗೆ ಒಂದು ಉತ್ತರವಿದೆ. ಹಳ್ಳಿಯಿಂದ ಬಂದ ಮಗ ನಗರದಲ್ಲಿ ಡಾನ್ ಆಗುತ್ತಾನೆ. ತಾಯಿ ಅವನನ್ನು ಹುಡುಕುತ್ತ ಅಲೆಯುತ್ತಾಳೆ. ಕೊನೆಗೆ ಸತ್ತಿರುವುದು ತನ್ನ ತಾಯಿಯೆಂದು ಅರಿಯದೆ ಮಗ ಆಕೆಯ ಶವಯಾತ್ರೆಯ ಮುಂದೆ ಕುಣಿಯುತ್ತಾನೆ. ಗಳಿಸಿದ ಹೆಸರಿಗೆ ತೆತ್ತ ಬೆಲೆ ಎಷ್ಟೆಂದು ಹೇಳಲು ಬೇರೆ ಉಪದೇಶ ಬೇಕಿಲ್ಲ.

ಕೆ.ಎಂ. ಚೈತನ್ಯ ಅವರ ‘ಆ ದಿನಗಳು’ (2007) ಅಗ್ನಿ ಶ್ರೀಧರ್ ಬರಹವನ್ನು ಆಧರಿಸಿ 1980ರ ದಶಕದ ಬೆಂಗಳೂರನ್ನು ತೋರಿಸಿತು. ಊರಿಗೆ ಊರೇ ಹೆದರುತ್ತಿದ್ದ ಕೊತ್ವಾಲ ಅಲ್ಲಿ ಸಾಯುವುದು ಜೊತೆಗಿದ್ದವರ ಕೈಯಿಂದಲೇ. ಆ ಸಾವಿನಲ್ಲಿ ವೀರಾವೇಶವಿಲ್ಲ.

ಕಷ್ಟದ ಉದಾಹರಣೆಯೆಂದರೆ ರಾಜ್ ಬಿ. ಶೆಟ್ಟಿ ಅವರ ‘ಗರುಡ ಗಮನ ವೃಷಭ ವಾಹನ’ (2021). ಮಂಗಳೂರಿನ ಕಥೆಯಿದು. ಕೊಲೆ ಮಾಡಿದ ಶಿವ ಹುಲಿಕುಣಿತ ಕುಣಿಯುವಾಗ ಆ ದೃಶ್ಯದ ಸೊಬಗಿಗೆ ಪ್ರೇಕ್ಷಕ ಮನಸೋಲುತ್ತಾನೆ. ಕೊಲೆಗೆ ಇಷ್ಟು ಚೆಲುವು ಸಲ್ಲದು ಎನ್ನುವ ಹೆತ್ತವರ ಆಕ್ಷೇಪ ಇಲ್ಲಿ ತಳ್ಳಿಹಾಕುವಂಥದ್ದಲ್ಲ. ಅದೇ ಚಿತ್ರದಲ್ಲಿ ಜೀವದ ಗೆಳೆಯರೇ ವೈರಿಗಳಾಗುತ್ತಾರೆ ಎಂಬ ಮಕ್ಕಳ ವಾದವೂ ಅಷ್ಟೇ ಗಟ್ಟಿ.

‘ಎ’ ಪ್ರಮಾಣಪತ್ರದ ಚಿತ್ರ 18 ತುಂಬಿದವರಿಗೆ ಮಾತ್ರ. ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ‘ಯುಎ’ ವರ್ಗವನ್ನು 2024ರ ನಿಯಮಗಳು 7, 13, 16 ವರ್ಷಗಳೆಂದು ವಿಂಗಡಿಸಿವೆ. ಇದು ಹೆತ್ತವರಿಗೆ ಸೂಚನೆ; ನಿರ್ಧಾರ ಅವರದೇ.

ಮಗ ಅಥವಾ ಮಗಳ ಜೊತೆ ಕುಳಿತು ನೋಡಿದರೆ ಆಮೇಲೆ ಮಾತಾಡಬಹುದು. ಹೊಡೆದವನನ್ನು ಕ್ಯಾಮೆರಾ ಎಷ್ಟು ಹೊತ್ತು ತೋರಿಸಿತು? ಹೊಡೆತ ತಿಂದವನ ಮನೆಯನ್ನು ತೋರಿಸಿತೇ? ಅಲ್ಲಿ ಅಳುವವರ ಮುಖ ಕಂಡಿತೇ? ಈ ಪ್ರಶ್ನೆಗಳನ್ನು ಕೇಳಲು ಕಲಿತ ಹುಡುಗ ಚಿತ್ರಮಂದಿರದಿಂದ ಮಚ್ಚಿನ ಮೋಹ ಹೊತ್ತು ಬರುವುದು ಕಡಿಮೆ.